ಐಲಾ ದ್ವೀಪದಿಂದ ಎರಡು ಬಾಟಲಿ

ಸಿಂಗಲ್ ಮಾಲ್ಟ್ ವಿಸ್ಕಿ ಪ್ರಿಯರು ಸ್ಕಾಟ್ಲೆಂಡಿಗೆ ಹೋದರೆ ಪಶ್ಚಿಮ ಕಡಲಿನ ಐಲಾ ದ್ವೀಪವನ್ನು ಬಿಡಲೇಬಾರದು. ಮುಖ್ಯ ನೆಲದ ಕೆನ್ನಕ್ರೇಗ್ ಬಂದರಿನಿಂದ ಹಡಗಿನಲ್ಲಿ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬೇಸಿಗೆಯಾದರೆ ಟಿಕೆಟ್, ರೂಮು ಎರಡನ್ನೂ ಮೊದಲೇ ಕಾಯ್ದಿರಿಸಿ.

ಅಲ್ಲಿ ಕಾರು ಬೇಡ. ಪೋರ್ಟ್ ಎಲೆನ್ ಊರಿನಿಂದ ಕಾಲುದಾರಿ ಹಿಡಿದರೆ ಸುಮಾರು 5 ಕಿ.ಮೀ.ಯೊಳಗೆ ಲಫ್ರಾಯ್ಗ್, ಲಗವೂಲಿನ್, ಆರ್ಡ್‌ಬೆಗ್ ಡಿಸ್ಟಿಲರಿಗಳು ಸಾಲಾಗಿ ಸಿಗುತ್ತವೆ. ಕಾರು ಓಡಿಸಲೇಬೇಕಿದ್ದರೆ ಗ್ಲಾಸು ಮುಟ್ಟಬೇಡಿ. ರುಚಿಗೆ ಕೊಡುವ ನಿಮ್ಮ ಪಾಲನ್ನು ಪುಟ್ಟ ಶೀಷೆಗೆ ಹಾಕಿಕೊಡಲು ಕೇಳಿ.

ದಿನಕ್ಕೆ ಎರಡು ಡಿಸ್ಟಿಲರಿ ಸಾಕು. ಮೂರನೆಯದರ ಹೊತ್ತಿಗೆ ನಾಲಿಗೆಗೆ ಹೊಗೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಲಫ್ರಾಯ್ಗ್‌ನಲ್ಲಿ ಆತುರ ಮಾಡಬೇಡಿ. ತನಗೆ ಬೇಕಾದ ಬಾರ್ಲಿಯ ಒಂದು ಪಾಲನ್ನು ಅದು ಇಂದಿಗೂ ನೆಲದ ಮೇಲೆ ಹರಡಿ ಮೊಳಕೆ ಬರಿಸುತ್ತದೆ. ಜೌಗುನೆಲದಿಂದ ಕಡಿದು ತಂದ ಪೀಟ್ ಉರಿಸಿ, ಆ ಹೊಗೆಯಲ್ಲೇ ಒಣಗಿಸುತ್ತದೆ. ಅದನ್ನೆಲ್ಲ ನೋಡಿದ ಮೇಲೆ ಗ್ಲಾಸನ್ನು ಮೂಗಿಗೆ ಹಿಡಿಯಿರಿ, ಬಾಯಿ ತುಸು ತೆರೆದಿರಲಿ. ಅಯೋಡಿನ್, ಕಡಲಪಾಚಿ, ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಒಂದೊಂದಾಗಿ ಏಳುತ್ತದೆ. ಮೊದಲ ಗುಟುಕು ಹಾಗೇ ಇರಲಿ, ಎರಡನೆಯದಕ್ಕೆ ನಾಲ್ಕು ಹನಿ ನೀರು. ಐಸ್ ಹಾಕಿದರೆ ಪರಿಮಳವೇ ಮುಚ್ಚಿಹೋಗುತ್ತದೆ.

ಬಾಟಲಿ ಕೊಳ್ಳುವಾಗ ನನ್ನ ನಿಯಮ ಒಂದೇ: ಏರ್‌ಪೋರ್ಟಿನಲ್ಲಿ ಸಿಗುವುದನ್ನು ದ್ವೀಪದಲ್ಲಿ ಕೊಳ್ಳಬೇಡಿ. ಡಿಸ್ಟಿಲರಿಯಲ್ಲಷ್ಟೇ ಮಾರುವ ಬಾಟಲಿ ಕೇಳಿ. ಕೆಲವೆಡೆ ಪೀಪಾಯಿಂದ ನೀವೇ ತುಂಬಿಕೊಳ್ಳಬಹುದು. ಲೇಬಲ್‌ನಲ್ಲಿ ವಯಸ್ಸಿನ ಜೊತೆಗೆ ಶೇ 46 ಅಥವಾ ಹೆಚ್ಚಿನ ಆಲ್ಕೋಹಾಲ್, ಬಣ್ಣ ಬೆರೆಸಿಲ್ಲ ಎಂಬ ಮಾತು ಇದೆಯೇ ನೋಡಿ.

ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲಾ 2 ಲೀಟರ್. 700 ಎಂ.ಎಲ್.ನ ಮೂರು ಬಾಟಲಿಯಾದರೆ 2.1 ಲೀಟರ್, ಮಿತಿ ದಾಟಿತು! ಎರಡು ದೊಡ್ಡವು, ಮೂರು 200 ಎಂ.ಎಲ್. ಸರಿಹೊಂದುತ್ತವೆ. ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ. ಶೇ 70ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ.

ಮನೆಯಲ್ಲಿ ಬಾಟಲಿ ನೆಟ್ಟಗೆ ನಿಂತಿರಲಿ. ಮಲಗಿಸಿದರೆ ಸ್ಪಿರಿಟ್ ಕಾರ್ಕನ್ನು ತಿನ್ನುತ್ತದೆ. ಬಿಸಿಲು ತಾಗದ ಬೀರು ಒಳ್ಳೆಯದು. ಅರ್ಧಕ್ಕಿಂತ ಕೆಳಗಿಳಿದದ್ದನ್ನು ಚಿಕ್ಕ ಶೀಷೆಗೆ ಬಗ್ಗಿಸಿಡಿ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದೆಂದು ಅಬಕಾರಿ ಇಲಾಖೆಯಲ್ಲಿ ವಿಚಾರಿಸಿ.

ಐಲಾದ ಬಾಟಲಿಯ ಪಕ್ಕದಲ್ಲೊಂದು ಬೆಂಗಳೂರಿನ ಅಮೃತ್ ಫ್ಯೂಷನ್ ಇಡಿ. ಅದರಲ್ಲಿ ನಮ್ಮ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿಯೂ ಇದೆ. ಎರಡನ್ನೂ ಒಂದೇ ಸಂಜೆ, ಅರ್ಧರ್ಧ ಪೆಗ್ ಹಾಕಿಕೊಂಡು ಹೋಲಿಸಿ ನೋಡಿ.