ಬುಡಕಟ್ಟು ಹಾಗೂ ಮೂಲನಿವಾಸಿ ಭಾಷೆಗಳು: ಸರ್ಕಾರಿ ಮಾನ್ಯತೆ ಮತ್ತು ಸಂರಕ್ಷಣೆ – ಮುಖ್ಯಾಂಶಗಳು

ಸಂವಿಧಾನದ ವಿಧಿಗಳು

• ಭಾಷಾ ವಿಧಿಗಳು: ಭಾಗ 17, ವಿಧಿ 343ರಿಂದ 351
• ವಿಧಿ 29(1): ಪ್ರತ್ಯೇಕ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು, ಮೂಲಭೂತ ಹಕ್ಕು
• ವಿಧಿ 345: ರಾಜ್ಯದ ಆಡಳಿತ ಭಾಷೆ, ಅಧಿಕಾರ ರಾಜ್ಯ ಶಾಸಕಾಂಗದ್ದು
• ವಿಧಿ 347: ರಾಜ್ಯದ ಜನಸಂಖ್ಯೆಯ ಒಂದು ವರ್ಗದ ಭಾಷೆಗೆ ಮಾನ್ಯತೆ, ನಿರ್ದೇಶನ ರಾಷ್ಟ್ರಪತಿಯದು
• ವಿಧಿ 350ಎ: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣ
• ವಿಧಿ 350ಬಿ: ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿ, ನೇಮಕ ರಾಷ್ಟ್ರಪತಿಯಿಂದ
• 350ಎ, 350ಬಿ ಎರಡರ ಸೇರ್ಪಡೆ: 7ನೇ ತಿದ್ದುಪಡಿ, 1956

ಎಂಟನೇ ಅನುಸೂಚಿ

• ಮೂಲದಲ್ಲಿ 14 ಭಾಷೆಗಳು; ಈಗ 22
• 21ನೇ ತಿದ್ದುಪಡಿ, 1967: ಸಿಂಧಿ
• 71ನೇ ತಿದ್ದುಪಡಿ, 1992: ಕೊಂಕಣಿ, ಮಣಿಪುರಿ, ನೇಪಾಳಿ
• 92ನೇ ತಿದ್ದುಪಡಿ, 2003: ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ
• 96ನೇ ತಿದ್ದುಪಡಿ, 2011: 'ಒರಿಯಾ' ಹೆಸರು 'ಒಡಿಯಾ' ಎಂದು ಬದಲು, ಸಂಖ್ಯೆಯಲ್ಲಿ ಬದಲಾವಣೆ ಇಲ್ಲ
• ಅನುಸೂಚಿ ಸೇರಿದ ಮೊದಲ ಟಿಬೆಟೋ-ಬರ್ಮನ್ ಭಾಷೆ: ಮಣಿಪುರಿ
• ಅನುಸೂಚಿಯ ಏಕೈಕ ಆಸ್ಟ್ರೋ-ಏಷಿಯಾಟಿಕ್ ಭಾಷೆ: ಸಂತಾಲಿ
• ಸೇರ್ಪಡೆಯ ಮಾನದಂಡ ಕುರಿತ ಸಮಿತಿಗಳು: ಪಾಹ್ವಾ (1996), ಸೀತಾಕಾಂತ ಮಹಾಪಾತ್ರ (2003)
• ಬೇಡಿಕೆ ಪಟ್ಟಿಯಲ್ಲಿರುವ ಕರ್ನಾಟಕದ ಭಾಷೆಗಳು: ತುಳು, ಕೊಡವ

2011ರ ಜನಗಣತಿ

• ಜನ ಬರೆಸಿದ ಮಾತೃಭಾಷಾ ಹೆಸರುಗಳು: 19,569
• ಪರಿಷ್ಕರಣೆಯ ನಂತರ ಮಾತೃಭಾಷೆಗಳು: 1,369
• 10,000 ಅಥವಾ ಹೆಚ್ಚು ಭಾಷಿಕರಿರುವ ಭಾಷೆಗಳು: 121 (ಅನುಸೂಚಿತ 22, ಅನುಸೂಚಿತವಲ್ಲದ 99)
• ಅನುಸೂಚಿತ ಭಾಷಿಕರ ಪಾಲು: 96.71%
• ಅನುಸೂಚಿಯ ಹೊರಗಿನ ಅತಿ ದೊಡ್ಡ ಭಾಷೆ: ಭಿಲಿ, 1,04,13,637
• ನಂತರದ ಪ್ರಮುಖ ಭಾಷೆಗಳು: ಗೊಂಡಿ 29,84,453, ಕುರುಖ್ 19,88,350, ತುಳು 18,46,427
• ಅನುಸೂಚಿಯೊಳಗೆ ಅತಿ ಕಡಿಮೆ ಭಾಷಿಕರು: ಸಂಸ್ಕೃತ, 24,821
• ಸಂತಾಲಿ 73,68,192, ಬೋಡೋ 14,82,929, ಕೊಡವ 1,13,857

ರಾಜ್ಯಮಟ್ಟದ ಮಾನ್ಯತೆ

• ತ್ರಿಪುರಾ: ಕೊಕ್‌ಬೊರೊಕ್, 19 ಜನವರಿ 1979, ಅದೇ ದಿನ ಕೊಕ್‌ಬೊರೊಕ್ ದಿನಾಚರಣೆ
• ಮೇಘಾಲಯ: ಖಾಸಿ, ಗಾರೋ – ಸಹ ಆಡಳಿತ ಭಾಷೆಗಳು, 2005ರ ಕಾಯ್ದೆ
• ಜಾರ್ಖಂಡ್: ಸಂತಾಲಿ, ಮುಂಡಾರಿ, ಹೋ, ಖಡಿಯಾ, ಕುರುಖ್ ಮುಂತಾದವು – ದ್ವಿತೀಯ ಆಡಳಿತ ಭಾಷೆಗಳು
• ಅಸ್ಸಾಂ: ಬೋಡೋ – ಸಹ ಆಡಳಿತ ಭಾಷೆ, 2020

ಲಿಪಿ ಮತ್ತು ಯೂನಿಕೋಡ್

• ಓಲ್ ಚಿಕಿ (ಸಂತಾಲಿ): ಪಂಡಿತ ರಘುನಾಥ ಮುರ್ಮು, 1925; 30 ಅಕ್ಷರಗಳು; ಯೂನಿಕೋಡ್ 5.1, 2008
• ವಾರಂಗ್ ಚಿತಿ (ಹೋ): ಲಾಕೋ ಬೋದ್ರಾ, ಯೂನಿಕೋಡ್ 7.0, 2014
• ಸೊರಾಂಗ್ ಸೊಂಪೆಂಗ್ (ಸೊರಾ): ಮಂಗೇಯಿ ಗೊಮಾಂಗೊ, 1936, ಯೂನಿಕೋಡ್ 6.1, 2012
• ತುಳು-ತಿಗಳಾರಿ: ಯೂನಿಕೋಡ್ 16.0, ಸೆಪ್ಟೆಂಬರ್ 2024

ಸಮೀಕ್ಷೆ ಮತ್ತು ದಾಖಲೀಕರಣ

• ಭಾರತದ ಮೊದಲ ಭಾಷಾ ಸಮೀಕ್ಷೆ: ಜಾರ್ಜ್ ಗ್ರಿಯರ್ಸನ್, 1894–1928, 179 ಭಾಷೆ, 544 ಉಪಭಾಷೆ
• ಭಾರತೀಯ ಜನಭಾಷಾ ಸಮೀಕ್ಷೆ: ಗಣೇಶ ದೇವಿ, ಆರಂಭ 2010, 780 ಭಾಷೆಗಳು, ಸರ್ಕಾರೇತರ ಯೋಜನೆ
• ಭಾರತೀಯ ಭಾಷಾ ಸಂಸ್ಥಾನ (ಸಿಐಐಎಲ್): ಮೈಸೂರು, 17 ಜುಲೈ 1969, ಸ್ಥಾಪಕ ನಿರ್ದೇಶಕ ಡಿ. ಪಿ. ಪಟ್ಟನಾಯಕ್
• ಅಳಿವಿನಂಚಿನ ಭಾಷೆಗಳ ರಕ್ಷಣೆ ಮತ್ತು ಸಂರಕ್ಷಣಾ ಯೋಜನೆ (ಎಸ್‌ಪಿಪಿಇಎಲ್): 2013, ಅನುಷ್ಠಾನ ಸಿಐಐಎಲ್, ವ್ಯಾಪ್ತಿ 10,000ಕ್ಕಿಂತ ಕಡಿಮೆ ಜನರಾಡುವ ಭಾಷೆಗಳು, ಮೊದಲ ಹಂತದಲ್ಲಿ 117, ಉದ್ದೇಶ ವ್ಯಾಕರಣ, ನಿಘಂಟು, ಜನಾಂಗಭಾಷಿಕ ವಿವರ
• ಆದಿ ವಾಣಿ: ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ, 2025, ಕೃತಕ ಬುದ್ಧಿಮತ್ತೆ ಆಧಾರಿತ ಅನುವಾದ ವೇದಿಕೆ, ಮೊದಲ ಭಾಷೆಗಳು ಸಂತಾಲಿ, ಭಿಲಿ, ಮುಂಡಾರಿ, ಗೊಂಡಿ

ನಿರ್ನಾಮವಾದ ಭಾಷೆ: ಬೊ

• ಗ್ರೇಟ್ ಅಂಡಮಾನೀ ಗುಂಪಿನ ಭಾಷೆ
• ಕೊನೆಯ ಭಾಷಿಕಳು: ಬೋವಾ ಸೀನಿಯರ್, 2004ರ ಸುನಾಮಿಯಲ್ಲಿ ಬದುಕುಳಿದವಳು
• ಕೊನೆಯ ವರ್ಷಗಳಲ್ಲಿ ಬೊ ಆಡಲು ಬೇರೊಬ್ಬರಿಲ್ಲ. ಸುತ್ತಲಿನವರೊಡನೆ ವ್ಯವಹಾರ ಅಂಡಮಾನೀ ಹಿಂದಿಯಲ್ಲಿ
• ನಿಧನ: 26 ಜನವರಿ 2010, ವಯಸ್ಸು ಸುಮಾರು 85
• ಧ್ವನಿಮುದ್ರಣ, ದಾಖಲೀಕರಣ: ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ, ಪದ್ಮಶ್ರೀ 2013

ಕರ್ನಾಟಕ

• ವಿಶೇಷ ದುರ್ಬಲ ಬುಡಕಟ್ಟು ಗುಂಪುಗಳು: ಜೇನುಕುರುಬ, ಕೊರಗ (ದೇಶದಲ್ಲಿ ಒಟ್ಟು 75)
• ತುಳು ಸಾಹಿತ್ಯ ಅಕಾಡೆಮಿ, ಕೊಡವ ಸಾಹಿತ್ಯ ಅಕಾಡೆಮಿ: 1994
• ಬ್ಯಾರಿ ಸಾಹಿತ್ಯ ಅಕಾಡೆಮಿ: 2007
• ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ: 2011, ಮಡಿಕೇರಿ
• ತುಳು–ಇಂಗ್ಲಿಷ್ ನಿಘಂಟು: ಎ. ಮ್ಯಾನರ್, ಬಾಸೆಲ್ ಮಿಷನ್, ಮಂಗಳೂರು, 1886
• ತುಳು ನಿಘಂಟು: 6 ಸಂಪುಟ, 1988–1997; ಪ್ರಧಾನ ಸಂಪಾದಕ ಯು. ಪಿ. ಉಪಾಧ್ಯಾಯ, ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಉಡುಪಿ

ಅಂತರರಾಷ್ಟ್ರೀಯ

• ಐಎಲ್‌ಒ ಒಡಂಬಡಿಕೆ 107 (1957): ಭಾರತದ ಅನುಮೋದನೆ ಇದೆ, ಒಡಂಬಡಿಕೆ 169 (1989): ಅನುಮೋದನೆ ಇಲ್ಲ
• ಮೂಲನಿವಾಸಿಗಳ ಹಕ್ಕುಗಳ ವಿಶ್ವಸಂಸ್ಥೆ ಘೋಷಣೆ: 13 ಸೆಪ್ಟೆಂಬರ್ 2007, ಪರ 144, ವಿರುದ್ಧ 4 (ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್), ತಟಸ್ಥ 11, ಭಾರತದ ಮತ ಪರ, ಭಾಷಾ ಹಕ್ಕು ವಿಧಿ 13
• ಮೂಲನಿವಾಸಿ ಭಾಷೆಗಳ ಅಂತರರಾಷ್ಟ್ರೀಯ ವರ್ಷ: 2019
• ಮೂಲನಿವಾಸಿ ಭಾಷೆಗಳ ಅಂತರರಾಷ್ಟ್ರೀಯ ದಶಕ: 2022–2032, ಪೂರ್ವಭಾವಿ ಲಾಸ್ ಪಿನೋಸ್ ಘೋಷಣೆ, ಮೆಕ್ಸಿಕೋ ನಗರ, 2020, ಹೊಣೆ ಯುನೆಸ್ಕೋ
• ನ್ಯೂಜಿಲೆಂಡ್: ಮಾವೊರಿ ಭಾಷಾ ಕಾಯ್ದೆ, 1987, ಅದಕ್ಕೂ ಮುನ್ನ 'ಕೊಹಂಗ ರೆಓ' ಶಿಶುವಿಹಾರಗಳು, 1982
• ಪರಗ್ವೆ: ಸ್ಪ್ಯಾನಿಷ್ ಜೊತೆಗೆ ಗ್ವಾರನಿ ಅಧಿಕೃತ, 1992ರ ಸಂವಿಧಾನ
• ಮೆಕ್ಸಿಕೋ: ಭಾಷಾ ಹಕ್ಕುಗಳ ಕಾನೂನು, 2003, ಮೂಲನಿವಾಸಿ ಭಾಷೆಗಳು 68
• ಬೊಲಿವಿಯಾ: ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳು, 2009ರ ಸಂವಿಧಾನ
• ಗ್ರೀನ್‌ಲ್ಯಾಂಡ್: ಗ್ರೀನ್‌ಲ್ಯಾಂಡಿಕ್ ಏಕೈಕ ಅಧಿಕೃತ ಭಾಷೆ, 2009
• ಕೆನಡಾ: ಮೂಲನಿವಾಸಿ ಭಾಷೆಗಳ ಕಾಯ್ದೆ, 21 ಜೂನ್ 2019

ಗೊಂದಲಕ್ಕೆಡೆಯಾಗುವ ಅಂಶಗಳು

• ಎಂಟನೇ ಅನುಸೂಚಿಗೆ ನೇರ ಸಂಬಂಧ: ವಿಧಿ 344(1) ಮತ್ತು 351, 350ಎ ಅಲ್ಲ
• 117: ಎಸ್‌ಪಿಪಿಇಎಲ್ ಮೊದಲ ಹಂತ, 121: ಜನಗಣತಿ, 197: ಯುನೆಸ್ಕೋ ಭೂಪಟದಲ್ಲಿ ಭಾರತದ ಅಪಾಯದಂಚಿನ ಹಾಗೂ ನಿರ್ನಾಮವಾದ ಭಾಷೆಗಳು
• ಮಾತೃಭಾಷಾ ದಿನ 21 ಫೆಬ್ರವರಿ. ಮೂಲನಿವಾಸಿಗಳ ದಿನ 9 ಆಗಸ್ಟ್
• ಅನುಸೂಚಿತ ಸ್ಥಾನ ಮತ್ತು ಶಾಸ್ತ್ರೀಯ ಸ್ಥಾನ ಬೇರೆ ಬೇರೆ. ಪಾಲಿ, ಪ್ರಾಕೃತ ಶಾಸ್ತ್ರೀಯ (2024), ಅನುಸೂಚಿತ ಅಲ್ಲ. ಸಂತಾಲಿ, ಬೋಡೋ ಅನುಸೂಚಿತ, ಶಾಸ್ತ್ರೀಯ ಅಲ್ಲ