ಠಾಣೆಯ ದೂರು ಸದನದ ಪ್ರಶ್ನೆಯಾಗುವ ಬಗೆ

ವಿಧಾನಸಭೆಯ ಪ್ರಶ್ನೋತ್ತರದ ಹಾಳೆಯಲ್ಲಿ ಎಡಗಡೆ ಶಾಸಕರ ಪ್ರಶ್ನೆ ಇರುತ್ತದೆ, ಬಲಗಡೆ ಸಚಿವರ ಉತ್ತರ. ಹೂವಿನಹಡಗಲಿಯಿಂದ ಆರಿಸಿ ಬಂದಿದ್ದ ಎಂ.ಪಿ. ಪ್ರಕಾಶ್ 2006–07ರಲ್ಲಿ ಗೃಹ ಸಚಿವರಾಗಿದ್ದರು. ಆ ಅವಧಿಯಲ್ಲಿ ರಾಜ್ಯದ ಯಾವ ಠಾಣೆಯ ಬಗ್ಗೆ ಪ್ರಶ್ನೆ ಬಂದರೂ ಬಲಗಡೆಯ ಉತ್ತರದ ಹೊಣೆ ಅವರದೇ. ಸಚಿವ ಸಂಪುಟ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕು ಎನ್ನುತ್ತದೆ ಸಂವಿಧಾನದ 164ನೇ ವಿಧಿ. ಆ ಹೊಣೆ ದಿನನಿತ್ಯ ಕಣ್ಣಿಗೆ ಬೀಳುವುದು ಪ್ರಶ್ನೋತ್ತರ ಅವಧಿಯಲ್ಲಿ. ಪ್ರಶ್ನೆ ಕೇಳುವವರು ಶಾಸಕರೇ ಆದರೂ ಅದರ ಸರಕು ಜನರಿಂದಲೇ ಹೋಗಬೇಕು. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಜನ ಈ ದಾರಿಯನ್ನು ಬಳಸಿಕೊಳ್ಳಬೇಕೆಂಬುದೇ ಈ ಬರಹದ ಆಸೆ.

ಮೊದಲು ಯಾವ ಸದನ ಎಂಬುದು ಸ್ಪಷ್ಟವಾಗಲಿ. ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್, ಸ್ಥಳೀಯ ಆಡಳಿತ ಮೂರೂ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿವೆ. ಹಾಗಾಗಿ ಠಾಣೆಯ ವಿಷಯ ಹಿಡಿದು ಸಂಸದರ ಬಳಿ ಹೋದರೆ, ಅವರು ಲೋಕಸಭೆಯಲ್ಲಿ ಕೇಳಿದರೂ, ‘ಪೊಲೀಸ್ ರಾಜ್ಯಗಳ ವಿಷಯ’ ಎಂಬ ಉತ್ತರವೇ ಬರುವುದು ಹೆಚ್ಚು. ಈ ಭಾಗದಲ್ಲಿ ಇನ್ನೊಂದು ಗೊಂದಲವಿದೆ. ಹರಪನಹಳ್ಳಿ ಇರುವುದು ವಿಜಯನಗರ ಜಿಲ್ಲೆಯಲ್ಲಿ, ಅಲ್ಲಿನ ಸಂಸದರು ದಾವಣಗೆರೆ ಕ್ಷೇತ್ರದವರು. ಹಡಗಲಿ, ಕೂಡ್ಲಿಗಿಗಳು ಸೇರುವುದು ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ. ರೈಲು, ರಾಷ್ಟ್ರೀಯ ಹೆದ್ದಾರಿಯಂಥ ವಿಷಯಕ್ಕೆ ಸಂಸದರನ್ನು ಕಾಣಿ. ಠಾಣೆ, ಪುರಸಭೆ, ಪಂಚಾಯಿತಿಯ ವಿಷಯಕ್ಕೆ ಶಾಸಕರನ್ನು, ಇಲ್ಲವೇ ವಿಧಾನ ಪರಿಷತ್ ಸದಸ್ಯರನ್ನು ಕಾಣಿ. ನಿಮ್ಮ ಕ್ಷೇತ್ರದ ಶಾಸಕರೇ ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ, ಉತ್ತರಿಸುವ ಸಾಲಿನಲ್ಲಿ ಇರುತ್ತಾರೆ. ಆಗ ಬೇರೆ ಶಾಸಕರನ್ನೋ ಪರಿಷತ್ ಸದಸ್ಯರನ್ನೋ ಕೇಳಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಒಂದು ಪ್ರಶ್ನೆಗೆ ಇಷ್ಟು ಬಲ ಎಲ್ಲಿಂದ ಬರುತ್ತದೆ? ಉತ್ತರ ಸಿದ್ಧವಾಗುವ ರೀತಿಯಲ್ಲೇ ಅದರ ಗುಟ್ಟಿದೆ. ಶಾಸಕರು ಮುಂಚಿತವಾಗಿ ಕೊಟ್ಟ ಸೂಚನೆ ಅಂಗೀಕಾರವಾದ ಮೇಲೆ ಗೃಹ ಇಲಾಖೆಗೆ ಹೋಗುತ್ತದೆ. ಅಲ್ಲಿಂದ ಪೊಲೀಸ್ ಪ್ರಧಾನ ಕಚೇರಿ, ಹೊಸಪೇಟೆಯ ಎಸ್‌ಪಿ ಕಚೇರಿ, ಡಿವೈಎಸ್‌ಪಿ, ಕೊನೆಗೆ ಠಾಣೆ. ಠಾಣೆಯಲ್ಲಿ ರಿಜಿಸ್ಟರ್ ತೆರೆಯಲೇಬೇಕು. ಎಷ್ಟು ದೂರು ಬಂತು, ಎಷ್ಟಕ್ಕೆ ಎಫ್‌ಐಆರ್ ಆಯಿತು, ಎಷ್ಟರಲ್ಲಿ ದೋಷಾರೋಪ ಪಟ್ಟಿ ಹೋಯಿತು ಎಂಬ ಲೆಕ್ಕ ಬರೆದು, ಸಹಿ ಹಾಕಿ ಮೇಲಕ್ಕೆ ಕಳಿಸಬೇಕು. ಆ ಲೆಕ್ಕ ಸಚಿವರ ಹೆಸರಿನಲ್ಲಿ ಸದನದ ದಾಖಲೆಯಾಗುತ್ತದೆ. ಸುಳ್ಳು ಮಾಹಿತಿ ಕೊಟ್ಟು ಸದನದ ದಾರಿ ತಪ್ಪಿಸಿದರೆ ಹಕ್ಕುಚ್ಯುತಿಯ ಪ್ರಶ್ನೆ ಏಳುತ್ತದೆ. ವರ್ಷಗಟ್ಟಲೆ ಧೂಳು ತಿಂದ ಕಡತವೊಂದು ಒಂದು ಪ್ರಶ್ನೆಯಿಂದ ಎದ್ದು ಕೂರುವುದು ಹೀಗೆ.

ಆದರೆ ಪ್ರಶ್ನೆ ಸರಿಯಾಗಿರಬೇಕು. ‘ಪೊಲೀಸರು ನಮ್ಮ ಮಾತು ಕೇಳುತ್ತಿಲ್ಲ’ ಎಂದು ಬರೆದುಕೊಟ್ಟರೆ ಅದು ಮನವಿಯಾದೀತು, ಪ್ರಶ್ನೆಯಾಗದು. ಅಭಿಪ್ರಾಯ ಕೇಳುವ, ಹಗೆ ಸಾಧಿಸುವ, ನ್ಯಾಯಾಲಯದ ಮುಂದಿರುವ ಪ್ರಕರಣವನ್ನು ಕೆದಕುವ ಪ್ರಶ್ನೆಗಳು ಅಂಗೀಕಾರವಾಗುವುದಿಲ್ಲ. ತುಂಗಭದ್ರೆಯ ದಂಡೆಯ ಅಕ್ರಮ ಮರಳಿನ ವಿಷಯವನ್ನೇ ತೆಗೆದುಕೊಳ್ಳಿ. ‘ಹೂವಿನಹಡಗಲಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ನಡೆಯುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕಳೆದ ಮೂರು ವರ್ಷಗಳಲ್ಲಿ ದಾಖಲಾದ ಪ್ರಕರಣಗಳೆಷ್ಟು? ಜಪ್ತಿಯಾದ ವಾಹನಗಳೆಷ್ಟು? ಎಷ್ಟು ಪ್ರಕರಣಗಳಲ್ಲಿ ಶಿಕ್ಷೆಯಾಗಿದೆ? ಠಾಣಾವಾರು ವಿವರ ನೀಡುವುದು.’ ಹೀಗೆ ಕೇಳಿದರೆ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದೇ ಮಾತಿನಲ್ಲಿ ಜಾರಿಕೊಳ್ಳಲು ಆಗುವುದಿಲ್ಲ. ಅವಧಿ, ಸ್ಥಳ, ಸಂಖ್ಯೆ ಮೂರನ್ನೂ ಬಿಡಬೇಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಅಂಕಿ ಅಂಶ ಬೇಕಿದ್ದವರಿಗೆ ಎರಡನೆಯದೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಒಬ್ಬರ ಸ್ವಂತ ದೂರಿಗೆ ಮಾತ್ರ ಸದನವನ್ನು ಕಾಯುತ್ತ ಕೂರಬೇಡಿ. ಅದಕ್ಕೆ ಕಾನೂನು ನೇರ ದಾರಿ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಘಟನೆ ಕೊಟ್ಟೂರಿನಲ್ಲಿ ನಡೆದು ನೀವು ಹಡಗಲಿಯಲ್ಲಿದ್ದರೆ ‘ಇದು ನಮ್ಮ ಸರಹದ್ದಲ್ಲ’ ಎಂದು ಕಳಿಸುವಂತಿಲ್ಲ. ಫೋನ್, ಇಮೇಲ್ ಮುಖಾಂತರ ತಿಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ‘ವಿಚಾರಣೆ ಮಾಡಿ ನೋಡೋಣ’ ಎಂಬ ಮಾತಿಗೂ ಈಗ ಮಿತಿಯಿದೆ: ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಆ ಪ್ರಾಥಮಿಕ ವಿಚಾರಣೆ ಮುಗಿಯಬೇಕು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆಯೇ ಬೇಕಿಲ್ಲ. ಠಾಣೆ ನಿರಾಕರಿಸಿದರೆ ದೂರನ್ನು ನೋಂದಾಯಿತ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ 175(3)ನೇ ಕಲಮಿನಡಿ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸುವುದೂ ಪೊಲೀಸರ ಕರ್ತವ್ಯ.

ಬಂಧನವಾದಾಗ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಲೇಬೇಕೆಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ‘ವಿಜಯನಗರ ಜಿಲ್ಲೆಯ ಎಷ್ಟು ಠಾಣೆಗಳಲ್ಲಿ ಕ್ಯಾಮೆರಾ ಇವೆ, ಎಷ್ಟು ಕೆಲಸ ಮಾಡುತ್ತಿವೆ?’ ಎಂಬುದು ಗೃಹ ಸಚಿವರಿಗೆ ಕೇಳಬಹುದಾದ ಒಳ್ಳೆಯ ಪ್ರಶ್ನೆ.

ವರ್ಗಾವಣೆಯ ವಿಷಯವೂ ಸದನಕ್ಕೆ ತಕ್ಕದ್ದೇ. 2016ರ ಜನವರಿಯಲ್ಲಿ ಕೂಡ್ಲಿಗಿ ಡಿವೈಎಸ್‌ಪಿ ಅನುಪಮಾ ಶೆಣೈ ಅವರನ್ನು ಇಂಡಿಗೆ ವರ್ಗ ಮಾಡಿದಾಗ ರಾಜಕೀಯ ಒತ್ತಡದ ಆರೋಪ ಕೇಳಿಬಂತು, ಜನ ಬೀದಿಗಿಳಿದರು, ಆದೇಶ ವಾಪಸಾಯಿತು. ಅದೇ ವರ್ಷ ಜೂನ್‌ನಲ್ಲಿ ಅವರು ರಾಜೀನಾಮೆಯನ್ನೇ ಕೊಟ್ಟರು. ಎಂ.ಪಿ. ಪ್ರಕಾಶ್ ಗೃಹ ಸಚಿವರಾಗಿದ್ದ ಕಾಲದಲ್ಲೇ, 2006ರ ಸೆಪ್ಟೆಂಬರ್ 22ರಂದು, ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಸ್‌ಪಿಗಳಿಗೂ ಠಾಣಾಧಿಕಾರಿಗಳಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು, ಪೊಲೀಸರ ವಿರುದ್ಧದ ದೂರು ಕೇಳಲು ಪ್ರಾಧಿಕಾರ ಬೇಕೆಂದು ನಿರ್ದೇಶಿಸಿತ್ತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ, ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿತು. ನಮ್ಮ ಜಿಲ್ಲೆಯ ಪ್ರಾಧಿಕಾರಕ್ಕೆ ಎಷ್ಟು ದೂರು ಬಂದಿವೆ, ಎಷ್ಟು ಇತ್ಯರ್ಥವಾಗಿವೆ ಎಂದೂ ಶಾಸಕರು ಕೇಳಲಿ.

ಸ್ಥಳೀಯ ಆಡಳಿತದಲ್ಲಿ ಮೊದಲ ಪ್ರಶ್ನೋತ್ತರ ಅವಧಿ ಗ್ರಾಮಸಭೆಯೇ. ಅಲ್ಲಿ ಪಿಡಿಒಗೆ ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳನ್ನು ಕೇಳುವ ಚುನಾಯಿತ ಸದಸ್ಯರು ನಡುವೆ ಇಲ್ಲದಾಗ ಸದನದ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ.

ಉತ್ತರ ಬಂದ ಮೇಲೂ ಕೆಲಸ ಉಳಿದಿರುತ್ತದೆ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಹೇಳಿದರೆ ಅದು ಭರವಸೆ. ಅಂಥವನ್ನು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ, ದಿನಾಂಕ ನಮೂದಿಸಿ, ಕ್ರಮದ ವಿವರ ಕೋರಿ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ. ಇದನ್ನೆಲ್ಲ ಬರೆಯಲು ಕೈ ಹಿಂಜರಿದರೆ ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.