ಬೇರೆಯವರ ಗೇಟಿಗೆ ನಿಮ್ಮ ಪಾರ್ಸೆಲ್

ಬಾಣಸವಾಡಿಗೆ ಕೆಲಸ ಹುಡುಕಿಕೊಂಡು ಬಂದವರು ಮೊದಲು ಸೇರುವುದು ಪಿಜಿಗೋ, ಯಾರದೋ ಮನೆಯ ತಾರಸಿ ಮೇಲಿನ ಒಂಟಿ ರೂಮಿಗೋ. ಹಗಲೆಲ್ಲ ಬಾಗಿಲಿಗೆ ಬೀಗ. ಆನ್‌ಲೈನಿನಲ್ಲಿ ಕುಕ್ಕರ್ ತರಿಸಿದರೆ ಇಸಿದುಕೊಳ್ಳುವವರಿಲ್ಲ. ಆಗ ನೆನಪಾಗುವುದು ಓಎಂಬಿಆರ್ ಲೇಔಟಿನ ಅಪಾರ್ಟ್‌ಮೆಂಟಿನಲ್ಲಿರುವ ಅಕ್ಕನ ಮನೆ, ಇಲ್ಲವೇ ದಿನಾ ಅಡುಗೆಗೆ ಹೋಗುವ ಮನೆ. ಆ ಕಟ್ಟಡದಲ್ಲಿ ವಾಸವಿಲ್ಲದ ನೀವು ಅಲ್ಲಿಗೆ ಪಾರ್ಸೆಲ್ ತರಿಸಬಹುದೇ? ಧಾರಾಳವಾಗಿ. ಆದರೆ ಗೇಟಿನಲ್ಲಿ ಏನು ನಡೆಯುತ್ತದೆ ಎಂದು ಮೊದಲೇ ತಿಳಿದಿರಬೇಕು.

ಪಾರ್ಸೆಲ್ಲಿಗೆ ಎರಡು ಒಪ್ಪಿಗೆ ಬೇಕು, ಅವೆರಡೂ ಬೇರೆ ಬೇರೆ ಫೋನಿಗೆ ಹೋಗುತ್ತವೆ. ಹೊಸಬರು ಎಡವುವುದು ಇಲ್ಲೇ. ಅಕ್ಕ ಸವಿತಾ ಬಿ-304ರಲ್ಲಿದ್ದಾರೆ, ಆರ್ಡರ್ ಮಾಡಿದವರು ತಮ್ಮ ಮಂಜುನಾಥ ಎಂದಿಟ್ಟುಕೊಳ್ಳಿ. ಡೆಲಿವರಿ ಹುಡುಗ ಗೇಟಿಗೆ ಬಂದು ಫ್ಲಾಟ್ ನಂಬರ್ ಹೇಳುತ್ತಾನೆ. ಸೆಕ್ಯುರಿಟಿಯವರು ಅದನ್ನು ಆ್ಯಪಿಗೆ ಹಾಕುತ್ತಾರೆ. 2016ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಮೈಗೇಟ್ ಅಥವಾ ಅಂಥದ್ದೇ ಇನ್ನೊಂದು. ಒಳಗೆ ಬಿಡಲೇ ಎಂಬ ಪ್ರಶ್ನೆ ಹೋಗುವುದು ಸವಿತಾ ಅವರ ಫೋನಿಗೆ. ಆದರೆ ಸಾಮಾನಿನ ಓಟಿಪಿ ಬಂದಿರುವುದು ಮಂಜುನಾಥನ ಫೋನಿಗೆ. ಅಕ್ಕ ಒಪ್ಪಿ, ತಮ್ಮ ಮೀಟಿಂಗಿನಲ್ಲಿ ಕೂತಿದ್ದರೆ ಪಾರ್ಸೆಲ್ ಬಾಗಿಲವರೆಗೂ ಹೋಗಿ ವಾಪಸ್. ಓಟಿಪಿ ಕೈಯಲ್ಲಿದ್ದು ಅಕ್ಕ ಮಲಗಿದ್ದರೆ ಗೇಟಿನಿಂದಲೇ ವಾಪಸ್. ಆದ್ದರಿಂದ ಓಟಿಪಿ ಬಂದ ಕೂಡಲೇ ಅದನ್ನು ಅಕ್ಕನಿಗೆ ಕಳಿಸಿಬಿಡಿ. ‘ಇವತ್ತು ಒಂದು ಪಾರ್ಸೆಲ್ ಬರುತ್ತೆ’ ಎಂದು ಅವರೂ ಆ್ಯಪಿನಲ್ಲಿ ಮುಂಚೆಯೇ ಒಪ್ಪಿಗೆ ಹಾಕಿಡಲಿ. ಆ್ಯಪಿಲ್ಲದ ಸಣ್ಣ ಕಟ್ಟಡಗಳಲ್ಲಿ ವಾಚ್‌ಮನ್ನರೇ ಎಲ್ಲ. ಅಲ್ಲಿ ಅಕ್ಕನ ಬಾಯಿಂದ ಒಂದು ಮಾತು ಬಿದ್ದರೆ ಸಾಕು. ಆ ಮಾತು ಹೊರಗಿನವರಾದ ನಿಮ್ಮಿಂದ ಬಂದರೆ ನಡೆಯುವುದಿಲ್ಲ, ಅದರಲ್ಲಿ ವಾಚ್‌ಮನ್ನರ ತಪ್ಪೂ ಇಲ್ಲ.

ವಿಳಾಸದಲ್ಲಿ ನಿಮ್ಮ ಹೆಸರೊಂದನ್ನೇ ಬರೆಯಬೇಡಿ. ‘ಮಂಜುನಾಥ, ಕೇರ್ ಆಫ್ ಸವಿತಾ, ಬಿ-304’ ಎಂದು ಮೊದಲ ಸಾಲಿನಲ್ಲೇ ಇರಲಿ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬ ಉತ್ತರ ಗೇಟಿನಲ್ಲಿ ಬಲು ಸುಲಭವಾಗಿ ಬರುತ್ತದೆ.

ಲೇಔಟಿನ ಹೆಸರಿನ ಬಗ್ಗೆ ಇನ್ನೂ ಎಚ್ಚರ ಬೇಕು. ಎಚ್‌ಆರ್‌ಬಿಆರ್ ಎಂದರೆ ಹೆಣ್ಣೂರು ರಸ್ತೆ–ಬಾಣಸವಾಡಿ ರಸ್ತೆ, ಎಚ್‌ಬಿಆರ್ ಎಂದರೆ ಹೆಣ್ಣೂರು–ಬಳ್ಳಾರಿ ರಸ್ತೆ, ಓಎಂಬಿಆರ್ ಎಂದರೆ ಓಲ್ಡ್ ಮದ್ರಾಸ್–ಬಾಣಸವಾಡಿ ರಸ್ತೆ. ಒಂದಕ್ಷರ ಬಿಟ್ಟರೆ ಬೇರೆ ಬಡಾವಣೆ, ಅಲ್ಲೂ ಅದೇ ನಂಬರಿನ ಮೈನು, ಕ್ರಾಸು. ಹೆಸರಿಟ್ಟವರು ಪಾರ್ಸೆಲ್ ಹೊತ್ತು ಅಲೆದವರಂತೂ ಅಲ್ಲ! ಎಚ್‌ಆರ್‌ಬಿಆರ್‌ನಲ್ಲಾದರೆ ಎಷ್ಟನೇ ಬ್ಲಾಕ್ ಎಂಬುದನ್ನೂ ಸೇರಿಸಿ.

ವಿಳಾಸದ ಪಿನ್‌ಕೋಡ್ ಕೂಡ ಸರಿಯಾಗಿರಬೇಕು. ಅದು ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಮೂರಂಕಿ 560 ನಮ್ಮನ್ನು ಬೆಂಗಳೂರಿಗೆ ತಂದು ಬಿಡುತ್ತದೆ, ಕೊನೆಯ ಮೂರು ಯಾವ ಅಂಚೆ ಕಚೇರಿ ಬಟವಾಡೆ ಮಾಡಬೇಕೆಂದು ಹೇಳುತ್ತವೆ. ಖಾಸಗಿ ಕೊರಿಯರ್‌ನವರು ಸಾಮಾನು ವಿಂಗಡಿಸುವುದೂ ಈ ಅಂಕಿ ನೋಡಿಯೇ. ಬಾಣಸವಾಡಿಯ ವಿಳಾಸಗಳಲ್ಲಿ ಹೆಚ್ಚಾಗಿ ಕಾಣುವುದು 560043. ಪಕ್ಕದ ಮಾರುತಿ ಸೇವಾನಗರದ್ದು 560033, ಸೇಂಟ್ ಥಾಮಸ್ ಟೌನಿನದು 560084. ನಿಮ್ಮ ರೂಮಿನ ಪಿನ್ ಹಾಕಿ ಅಕ್ಕನ ಫ್ಲಾಟ್ ಬರೆದರೆ ಪೆಟ್ಟಿಗೆ ಬೇರೆಯದೇ ದಾರಿ ಹಿಡಿಯುತ್ತದೆ.

ಕ್ಯಾಶ್ ಆನ್ ಡೆಲಿವರಿ ಬೇಡವೇ ಬೇಡ. ಅಕ್ಕನ ಕೈಯಿಂದ ದುಡ್ಡು ಕೊಡಿಸುವುದು, ಚಿಲ್ಲರೆಗೆ ಪರದಾಡಿಸುವುದು ಯಾರಿಗೂ ಹಿತವಲ್ಲ. ಸಂಜೆ ತರಲು ಹೋದಾಗ ನೀವೂ ಒಬ್ಬ ವಿಸಿಟರ್, ಪುಸ್ತಕದಲ್ಲಿ ಹೆಸರು, ಫೋನ್ ನಂಬರ್ ಬರೆಯಲೇಬೇಕು. ಪಾರ್ಸೆಲ್ಲನ್ನು ಗೇಟಿನಲ್ಲೇ ಇರಿಸಿದ್ದರೆ ಅದನ್ನು ನಿಮಗೆ ಕೊಡಲು ಅಕ್ಕ ಹೇಳಿರಬೇಕು. ಅಲ್ಲಿ ದಿನಗಟ್ಟಲೆ ಬಿಡಬೇಡಿ. ಎಷ್ಟೋ ಗೇಟುಗಳಲ್ಲಿ ಸೆಕ್ಯುರಿಟಿಯವರ ಕುರ್ಚಿಗೇ ಜಾಗವಿಲ್ಲ. ಸಾಮಾನು ವಾಪಸ್ ಮಾಡುವುದಿದ್ದರೆ ಅದನ್ನು ಒಯ್ಯಲು ಬರುವವನೂ ಅದೇ ಗೇಟಿಗೇ ಬರುತ್ತಾನೆ, ಅವನಿಗೂ ಒಪ್ಪಿಗೆ ಬೇಕು.

ಪಾಸ್‌ಪೋರ್ಟ್, ಬ್ಯಾಂಕ್ ಕಾರ್ಡುಗಳ ಲೆಕ್ಕವೇ ಬೇರೆ. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಅರ್ಜಿಯಲ್ಲಿರುವ ವಿಳಾಸಕ್ಕೆ, ಅರ್ಜಿದಾರರ ಕೈಗೇ ಬರಬೇಕು. ಅದನ್ನು ಅಕ್ಕನ ಮನೆಗೆ ತಿರುಗಿಸಲು ಹೋಗಬೇಡಿ. ಅಂಚೆಯಣ್ಣ ಬರುವ ದಿನ ರಜೆ ಹಾಕಿ ರೂಮಿನಲ್ಲೇ ಇರಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನೊಳಗೇ ಸೇರಿದೆ, ಹಳೆಯ ಹೆಸರನ್ನು ಹುಡುಕಬೇಡಿ.

ಅಕ್ಕನೂ ಇಲ್ಲ, ಪರಿಚಯದ ಮನೆಯೂ ಇಲ್ಲ ಎನ್ನುವವರಿಗೆ ಅಂಚೆ ಇಲಾಖೆಯಲ್ಲಿ ಪೋಸ್ಟ್ ರೆಸ್ಟಾಂಟ್ ಎಂಬ ಹಳೆಯ ವ್ಯವಸ್ಥೆಯೊಂದಿದೆ, ಊರಿಗೆ ಹೊಸಬರಿಗೆಂದೇ ಮಾಡಿದ್ದು. ನಿಮ್ಮ ಹೆಸರಿನ ಕೆಳಗೆ ಆ ಪದ ಬರೆದು ಅಂಚೆ ಕಚೇರಿಯ ವಿಳಾಸ ಕೊಟ್ಟರೆ ಬಂದದ್ದನ್ನು ಅಲ್ಲೇ ಇಟ್ಟಿರುತ್ತಾರೆ; ಗುರುತಿನ ಚೀಟಿ ತೋರಿಸಿ ಬಿಡಿಸಿಕೊಳ್ಳಬೇಕು. ಮೊದಲು ಒಮ್ಮೆ ಕೌಂಟರಿಗೆ ಹೋಗಿ ಪೋಸ್ಟ್‌ಮಾಸ್ಟರರನ್ನು ಕೇಳಿಕೊಂಡು ಬನ್ನಿ. ಅಂಚೆಯಲ್ಲಿ ಬರುವುದಕ್ಕೆ ಮಾತ್ರ ಇದು, ಖಾಸಗಿ ಕೊರಿಯರ್‌ನ ಹುಡುಗ ಅಂಚೆ ಕಚೇರಿಯಲ್ಲಿ ಪೆಟ್ಟಿಗೆ ಇಟ್ಟು ಹೋಗುವುದಿಲ್ಲ.